ಟೆರೆನ್ಸ್ ರೇಂಜರರೂ ಪಕ್ಷತ್ಯಾಗದ ಆಪಾದನೆಯೂ

ಇತಿಹಾಸವನ್ನು ಬರೆಯುವವನು ಒಮ್ಮೆ ಒಂದು ಜನಾಂಗದ ಪಕ್ಷವನ್ನು ಹಿಡಿದನೆಂದರೆ ಕಡೆಯವರೆಗೂ ಅದನ್ನೇ ಹಿಡಿದಿರಬೇಕು. ನಡುವೆ ಕೈಬಿಟ್ಟರೆ ಅವನು ದ್ರೋಹಿ. ತಾನು ಬರೆದುದು ತಪ್ಪೆಂದು ತಾನೇ ಒಪ್ಪಿಕೊಂಡರಂತೂ ಅವನು ಮೊದಲು ಬರೆದುದಕ್ಕೂ ಬೆಲೆಯಿಲ್ಲ, ಆಮೇಲೆ ಬರೆದುದಕ್ಕೂ ಬೆಲೆಯಿಲ್ಲ. ಇಂಥ ಅಭಿಪ್ರಾಯವು ಓದುಬರಹ ಬಲ್ಲವರಲ್ಲಿಯೇ ಬಲವಾಗಿ ಬೇರೂರಿರುವುದು. ವಕೀಲನಿಗೆ ಒಪ್ಪುವ ಧರ್ಮವನ್ನು ಇತಿಹಾಸಕಾರನ ತಲೆಗೆ ಕಟ್ಟುವ ಈ ಅಭಿಪ್ರಾಯವನ್ನು ಒರೆಗೆ ಹಚ್ಚುವುದಕ್ಕೆ, ಆಫ್ರಿಕಾಖಂಡದ ದಕ್ಷಿಣಭಾಗದ ಚರಿತ್ರೆಯನ್ನು ಬರೆದ ಟೆರೆನ್ಸ್ ರೇಂಜರರ ಜೀವಿತಕ್ಕಿಂತ ಉತ್ತಮವಾದ ಕಲ್ಲು ದೊರೆಯುವುದು ಕಷ್ಟ. ಅವರನ್ನು ಬಿಳಿಯರ ಸರಕಾರವು ದೇಶದಿಂದ ಹೊರಹಾಕಿತು. ನಲವತ್ತು ವರ್ಷಗಳ ತರುವಾಯ ಆಫ್ರಿಕನರ ಸರಕಾರದ ಅಭಿಮಾನಿಗಳು ಅವರನ್ನು ಪಕ್ಷ ಬಿಟ್ಟವರೆಂದು ಹಳಿದರು. ಎರಡು ಸಲವೂ ಅವರು ಮಾಡಿದ ಅಪರಾಧ ಒಂದೇ ಎಂಬುದನ್ನು ಹಳಿಯುವವರು ಗಮನಿಸಲಿಲ್ಲ.

ಮೊದಲು ಆ ನಾಡು ಯಾವುದೆಂದು ತಿಳಿಯಬೇಕು. ಗಾಂಧೀಜಿಯವರ ಸತ್ಯಾಗ್ರಹದ ಕಥೆಯಿಂದ ನಾಟಾಲ್, ಟ್ರಾನ್ಸ್‌ವಾಲ್ ಎಂಬ ಹೆಸರುಗಳು ಕನ್ನಡದ ಮನೆಗಳಿಗೆ ಹೊಸವಲ್ಲ. ಆ ಟ್ರಾನ್ಸ್‌ವಾಲಿನ ಉತ್ತರದ ಎಲ್ಲೆಯಾದ ಲಿಂಪೋಪೋ ಹೊಳೆಯನ್ನು ದಾಟಿದರೆ ಜಾಂಬೆಜಿ ಹೊಳೆಯವರೆಗೆ ಹಬ್ಬಿರುವ ದೇಶವೇ ಇಂದಿನ ಜಿಂಬಾಬ್ವೆ. ಅಲ್ಲಿ ಶೋನಾ ಜನರೂ ಎನ್‌ಡೆಬೆಲೆ ಜನರೂ ಮುಖ್ಯರು. 1890ರಲ್ಲಿ ಸೆಸಿಲ್ ರೋಡ್ಸನ ಕಂಪೆನಿಯ ದಂಡು ಅಲ್ಲಿಗೆ ನುಗ್ಗಿತು. 1893ರಲ್ಲಿ ಎನ್‌ಡೆಬೆಲೆ ದೊರೆ ಲೊಬೆಂಗುಲನ ರಾಜ್ಯವನ್ನು ಮುರಿಯಿತು. ನಾಡಿಗೆ ರೋಡ್ಸನ ಹೆಸರನ್ನೇ ಇಟ್ಟು ರೊಡೇಷಿಯ ಎಂದು ಕರೆಯಿತು. ಈಸ್ಟ್ ಇಂಡಿಯಾ ಕಂಪೆನಿಯ ಕಥೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನೆಲವನ್ನು ಕಿತ್ತುಕೊಂಡವರು ಅದರ ಹಿಂದಿನ ಕಾಲವನ್ನೂ ಕಿತ್ತುಕೊಂಡರು. ಆ ದೇಶದ ನಡುವೆ ಸುಣ್ಣಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹಿರಿಯ ಕೋಟೆಗೋಡೆಗಳಿವೆ. ಮಹಾ ಜಿಂಬಾಬ್ವೆಯೆಂದು ಅದರ ಹೆಸರು. ಅದನ್ನು ಆಫ್ರಿಕನರು ಕಟ್ಟಿರಲಾರರು, ಫಿನೀಷಿಯನ್ನರೋ ಶೇಬಾ ರಾಣಿಯ ಕಡೆಯವರೋ ಕಟ್ಟಿರಬೇಕೆಂದು ಬಿಳಿಯರು ಹೇಳಿಕೊಂಡು ಬಂದರು. ಅಲ್ಲಿಯ ಪಾರುಪತ್ಯಕ್ಕೆಂದು ನೇಮಕವಾದ ರಿಚರ್ಡ್ ಹಾಲ್ ಎಂಬಾತನು ಆಫ್ರಿಕನರು ವಾಸಮಾಡಿದ್ದ ಕುರುಹುಗಳುಳ್ಳ ಮಣ್ಣಿನ ಪದರಗಳನ್ನು ಕಸವೆಂದು ಅಗೆದು ಎಸೆಯಿಸಿದನು. ಸಾಕ್ಷಿಯನ್ನೇ ಕಸವೆಂದು ಎಸೆದ ಮೇಲೆ ವಾದಕ್ಕೆ ಅಡ್ಡಿಯೇನು? 1905ರಲ್ಲಿ ರ್‍ಯಾಂಡಲ್-ಮೆಕೈವರ್, 1929ರಲ್ಲಿ ಗರ್‌ಟ್ರೂಡ್ ಕೇಟನ್-ಥಾಂಪ್ಸನ್ ಎಂಬ ವಿದುಷಿ, ಇಬ್ಬರೂ ನೆಲವನ್ನು ಕ್ರಮವಾಗಿ ಅಗೆದು ನೋಡಿ ಅದು ಆಫ್ರಿಕನರದೇ ಕೆಲಸವೆಂದು ನಿಸ್ಸಂದೇಹವಾಗಿ ತೋರಿಸಿದರು. ಆದರೂ ಹಳೆಯ ಸುಳ್ಳು ಸಾಯಲಿಲ್ಲ. ಅದನ್ನು ಒಪ್ಪದ ಪೀಟರ್ ಗಾರ್ಲೇಕ್ ಎಂಬ ಪ್ರಾಕ್ತನ ಶಾಸ್ತ್ರಜ್ಞರು 1970ರಲ್ಲಿ ಆ ದೇಶವನ್ನು ಬಿಡಬೇಕಾಯಿತು.

ಇಂಥ ನಾಡಿಗೆ 1957ರಲ್ಲಿ, ಸಾಲಿಸ್‌ಬರಿ ಪಟ್ಟಣದಲ್ಲಿ ಹೊಸದಾಗಿ ತೆರೆದ ಯೂನಿವರ್ಸಿಟಿ ಕಾಲೇಜಿಗೆ ಉಪಾಧ್ಯಾಯರಾಗಿ ರೇಂಜರರು ಬಂದರು. 1929ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಓದಿದವರು. ಅವರು ಡಾಕ್ಟರ್ ಪದವಿಗಾಗಿ ವ್ಯಾಸಂಗ ಮಾಡಿದ್ದು 17ನೆಯ ಶತಮಾನದ ಐರ್ಲೆಂಡಿನಲ್ಲಿ ಭೂಮಿಯನ್ನು ದೋಚಿ ಸಿರಿವಂತನಾದ ಕಾರ್ಕಿನ ಅರ್ಲನೆಂಬ ಆಂಗ್ಲೇಯನ ವಿಷಯದಲ್ಲಿ. ಆಫ್ರಿಕಾದ ವಿಷಯವಾಗಿ ಅವರಿಗೆ ಆಗ ಏನೂ ತಿಳಿಯದು. ಆದರೆ ಹೊರಗಿನಿಂದ ಬಂದವರು ನೆಲವನ್ನು ವಶಮಾಡಿಕೊಳ್ಳುವ ಬಗೆಯನ್ನು ದಾಖಲೆಗಳಲ್ಲಿ ಗುರುತಿಸುವ ಕಣ್ಣು ಐರ್ಲೆಂಡಿನಿಂದ ಅವರಿಗೆ ಬಂದಿತ್ತೆಂದು ಹೇಳಿದರೆ ತಪ್ಪಾಗಲಾರದು.

ಅಲ್ಲಿಗೆ ಬಂದ ಮೇಲೆ ಅವರು ಸುಮ್ಮನೆ ಪಾಠ ಹೇಳಿಕೊಂಡಿರಲಿಲ್ಲ. ವರ್ಣಭೇದದ ವಿರುದ್ಧ ನಾಗರಿಕರನ್ನು ಕೂಡಿಸಿದರು. ಆಫ್ರಿಕನರ ರಾಷ್ಟ್ರೀಯ ಪಕ್ಷಗಳೊಡನೆ ಬೆರೆತರು. ಬಿಳಿಯರಿಗೆಂದೇ ಮೀಸಲಾಗಿದ್ದ ಈಜುಕೊಳದ ಬಳಿ ನಡೆದ ಒಂದು ಪ್ರತಿಭಟನೆಯಲ್ಲಿ ಅವರನ್ನು ಉಟ್ಟ ಬಟ್ಟೆಸಮೇತ ನೀರಿಗೆ ತಳ್ಳಿದರೆಂಬುದು ಪ್ರಸಿದ್ಧವಾದ ಸಂಗತಿ. ಪಕ್ಷಗಳನ್ನು ಒಂದಾದ ಮೇಲೊಂದರಂತೆ ನಿಷೇಧಿಸಿದ ಸರಕಾರವು ಮೊದಲು ರೇಂಜರರ ಓಡಾಟವನ್ನು ನಿರ್ಬಂಧಿಸಿ, 1963ರಲ್ಲಿ ಅವರನ್ನು ದೇಶದಿಂದಲೇ ಹೊರಡಿಸಿತು. ಅವರು ಟಾಂಗನ್ಯಿಕಾದ ದಾರ್-ಎಸ್-ಸಲಾಮಿಗೆ ಹೋಗಿ ಅಲ್ಲಿಯ ವಿದ್ಯಾಲಯದ ಇತಿಹಾಸ ವಿಭಾಗವನ್ನು ಕಟ್ಟಿದರು. ಆ ವಿದ್ಯಾಲಯಕ್ಕೆ ಆಗ ಎರಡೇ ವರ್ಷ ವಯಸ್ಸು.

ಅಲ್ಲಿದ್ದಾಗಲೇ, 1967ರಲ್ಲಿ, ಅವರ ಮೊದಲ ಮಹಾಗ್ರಂಥವು ಹೊರಬಿತ್ತು. 1896-97ರಲ್ಲಿ ರೊಡೇಷಿಯದ ಆಫ್ರಿಕನರು ಎದ್ದ ದಂಗೆಯೇ ಅದರ ವಿಷಯ. ಈ ಗ್ರಂಥದ ಮೇಲೆಯೇ ಮುಂದಿನ ವಿವಾದವೆಲ್ಲ ನಿಂತಿರುವುದರಿಂದ ಅದರ ವಾದವನ್ನು ಸ್ವಲ್ಪ ನಿಂತು ನೋಡಬೇಕು.

ಕಂಪೆನಿಯವರು ಎನ್‌ಡೆಬೆಲೆ ಜನರ ದನಗಳನ್ನು ಹೊಡೆದುಕೊಂಡು ಹೋಗಿದ್ದರು. ಗುಡಿಸಲಿಗೆ ಕಂದಾಯ ಹಾಕಿದ್ದರು. ಬಿಟ್ಟಿ ದುಡಿಮೆಗೆ ಹಿಡಿದೊಯ್ಯುತ್ತಿದ್ದರು. ಮೇಲೆ ಮಿಡಿತೆ, ಬರ. ಅದರ ಮೇಲೆ ಉಳಿದ ದನಗಳನ್ನೂ ನುಂಗಿದ ದೊಡ್ಡ ರೋಗ. 1895ರ ಕೊನೆಯಲ್ಲಿ ಜೇಮ್‌ಸನ್ ಎಂಬಾತನು ಟ್ರಾನ್ಸ್‌ವಾಲಿನ ಮೇಲೆ ದಾಳಿಗೆಂದು ಪೋಲೀಸರನ್ನು ಕರೆದೊಯ್ದು ಸಿಕ್ಕಿಬಿದ್ದುದರಿಂದ ನಾಡಿನಲ್ಲಿ ಕಾವಲೂ ತೆಳುವಾಗಿತ್ತು. 1896ರ ಮಾರ್ಚಿಯಲ್ಲಿ ಎನ್‌ಡೆಬೆಲೆಗಳು ಎದ್ದರು. ಜೂನ್‌ನಲ್ಲಿ ಶೋನಾಗಳು ಎದ್ದರು. ಎನ್‌ಡೆಬೆಲೆಗಳು ಶೋನಾಗಳ ಹಳ್ಳಿಗಳನ್ನು ಸೂರೆಮಾಡಿ ಬಾಳಿದವರು. ಹಾಗಿರಲು ಈ ಇಬ್ಬರೂ ಮೂರೇ ತಿಂಗಳ ಅಂತರದಲ್ಲಿ ಏಳುವಂತೆ ಮಾಡಿದವರಾರು? ರೇಂಜರರ ಉತ್ತರವಿದು: ಅರಸರಿಂದಾಗದ ಒಗ್ಗಟ್ಟನ್ನು ಧರ್ಮದವರು ಸಾಧಿಸಿದರು. ಮತೋಪೊ ಬೆಟ್ಟದ ಗವಿಗಳಲ್ಲಿ ಮ್ವಾರಿಯೆಂಬ ದೈವವನ್ನು ಸೇವಿಸುವ ಪೂಜಾರಿಗಳು ಒಂದು ಕಡೆ. ಹಿಂದಿನ ವೀರರ ಆತ್ಮವು ಮೈಮೇಲೆ ಬರುವ ಕಗುವಿ, ನೆಹಾಂಡ ಮೊದಲಾದವರು ಇನ್ನೊಂದು ಕಡೆ. ಇವರು ಊರೂರಿಗೆ ಸಂದೇಶ ಕಳುಹಿಸಿ ಏಕಕಾಲದ ಬಂಡಾಯವನ್ನು ಹೂಡಿದರು. ನೆಹಾಂಡಳ ಆತ್ಮವನ್ನು ಧರಿಸಿದ್ದ ಚಾರ್ವೆ ಎಂಬ ಹೆಂಗಸನ್ನೂ ಕಗುವಿಯನ್ನೂ 1898ರಲ್ಲಿ ಬಿಳಿಯರು ಗಲ್ಲಿಗೇರಿಸಿದರು. ಆದರೆ ಆ ಒಗ್ಗಟ್ಟಿನ ನೆನಪೇ ಮುಂದಿನ ರಾಷ್ಟ್ರೀಯ ಚಳುವಳಿಗೆ ಬೀಜವಾಯಿತು.

ಈ ಗ್ರಂಥವು ಎಂಥ ಕಾಲಕ್ಕೆ ಬಂದಿತೆಂಬುದನ್ನು ನೆನೆಯಬೇಕು. 1965ರಲ್ಲಿ ಇಯಾನ್ ಸ್ಮಿತ್ತನ ಬಿಳಿಯ ಸರಕಾರವು ತನ್ನಷ್ಟಕ್ಕೆ ತಾನೇ ಸ್ವತಂತ್ರವೆಂದು ಸಾರಿಕೊಂಡಿತ್ತು. ಆಫ್ರಿಕನರಿಗೆ ಚರಿತ್ರೆಯೇ ಇಲ್ಲವೆಂದು ಶಾಲೆಯಲ್ಲಿ ಕಲಿಸುತ್ತಿದ್ದರು. ಆ ಹೊತ್ತಿನಲ್ಲಿ, ಬಿಳಿಯರದೇ ದಫ್ತರದ ಕಾಗದಗಳನ್ನು ಬಿಚ್ಚಿ, ಆ ಕಾಗದಗಳಲ್ಲಿ ಮೂಢರೂ ಮಾಟಗಾರರೂ ಆಗಿ ಚಿತ್ರಿತರಾದವರನ್ನು ರಾಜಕಾರಣ ಬಲ್ಲ ಮುಖಂಡರೆಂದು ಎತ್ತಿ ನಿಲ್ಲಿಸಿದುದು ಸಣ್ಣ ಸಾಹಸವಲ್ಲ. ಹೋರಾಟಗಾರರು 1896ರ ದಂಗೆಯನ್ನು ಮೊದಲ ಚಿಮುರೆಂಗವೆಂದೂ ತಮ್ಮ ಯುದ್ಧವನ್ನು ಎರಡನೆಯ ಚಿಮುರೆಂಗವೆಂದೂ ಕರೆದರು. ರೇಂಜರರ ಗ್ರಂಥವು ಆ ಎರಡರ ನಡುವಣ ಸೇತುವೆಗೆ ಕಲ್ಲನ್ನು ಒದಗಿಸಿತು.

ಆದರೆ ಸೇತುವೆಯ ಕಲ್ಲು ಗಟ್ಟಿಯಿತ್ತೆ? 1977ರಲ್ಲಿ ಜೂಲಿಯನ್ ಕಾಬಿಂಗ್ ಎಂಬ ಯುವಕ ವಿದ್ವಾಂಸರು, ರೇಂಜರರು ಹೇಳಿದ ಪೂಜಾರಿವರ್ಗವು ಎನ್‌ಡೆಬೆಲೆ ದಂಗೆಯಲ್ಲಿ ಕಾಣುವುದೇ ಇಲ್ಲವೆಂದು ಬರೆದರು. ಎನ್‌ಡೆಬೆಲೆ ರಾಜ್ಯವು 1893ರ ಸೋಲಿನಲ್ಲಿ ಪೂರಾ ಮುರಿದಿರಲಿಲ್ಲ. ಅದರ ಇಂಡುನಾಗಳೆಂಬ ನಾಯಕರೇ ಯುದ್ಧವನ್ನು ನಡೆಸಿದರು. ಗವಿಯ ಪೂಜಾರಿಗಳ ಸಂಚೆಂಬುದು ಬಹುಮಟ್ಟಿಗೆ ಹೆದರಿದ ಬಿಳಿಯ ಅಧಿಕಾರಿಗಳ ಕಲ್ಪನೆ. ಈ ಭಯವು ಎಲ್ಲಿಯವರೆಗೆ ಹೋಗಿತ್ತೆಂದರೆ, 1896ರ ಜೂನ್‌ನಲ್ಲಿ ಬರ್ನ್‌ಹ್ಯಾಮ್ ಎಂಬ ಅಮೆರಿಕದ ಬೇಹುಗಾರನು ಗವಿಯೊಂದರಲ್ಲಿ ಒಬ್ಬ ಮನುಷ್ಯನನ್ನು ಗುಂಡಿಕ್ಕಿ ಕೊಂದು ದಂಗೆಯ ದೇವರನ್ನೇ ಕೊಂದೆನೆಂದು ಸಾರಿದನು. ಸತ್ತವನಿಗೂ ದಂಗೆಗೂ ಸಂಬಂಧವೇ ಇರಲಿಲ್ಲವೆಂಬ ಮಾತು ಆಗಲೇ ಹುಟ್ಟಿತ್ತು. ಎರಡು ವರ್ಷಗಳಾದ ಮೇಲೆ ಡೇವಿಡ್ ಬೀಚರು ಶೋನಾಗಳ ಪಾಲಿನ ಕಥೆಯನ್ನೂ ಬಿಚ್ಚಿ ನೋಡಿದರು. ದಂಗೆಯು ಮೊದಲೇ ಗೊತ್ತುಮಾಡಿದ ಒಂದು ರಾತ್ರಿ ಎಲ್ಲೆಡೆಯೂ ಎದ್ದುದಲ್ಲ. ಕೆರೆಗೆ ಕಲ್ಲೆಸೆದಾಗ ಏಳುವ ಅಲೆಯಂತೆ ಒಂದೂರಿನ ಸುದ್ದಿಯಿಂದ ಇನ್ನೊಂದೂರು ಎದ್ದಿತು. ಪ್ರತಿಯೊಂದು ಊರಿಗೂ ಅದರದೇ ಲೆಕ್ಕಾಚಾರವಿತ್ತು. ಇದೇ ಬೀಚರು 1998ರಲ್ಲಿ, ಚಾರ್ವೆಯ ಮೇಲೆ ಹೊರಿಸಿದ ಕೊಲೆಯನ್ನು ಆಕೆ ಮಾಡಿದ್ದಳೆಂಬುದೇ ನಿಜವೆ ಎಂದು ಕೇಳಿದರು.

ಇಲ್ಲಿ ಒಂದು ವಿಪರ್ಯಾಸವಿದೆ. ಗವಿಗಳಲ್ಲಿ ಕುಳಿತು ದೇಶವನ್ನೆಲ್ಲ ಆಡಿಸುವ ಪೂಜಾರಿಗಳ ಚಿತ್ರವನ್ನು ಮೊದಲು ಬರೆದವರು ಕಂಪೆನಿಯ ಅಧಿಕಾರಿಗಳು. ಅವರ ಕೈಯಲ್ಲಿ ಅದು ನಿಂದೆ. ರೇಂಜರರ ಕೈಯಲ್ಲಿ ಅದೇ ಚಿತ್ರವು ಪ್ರಶಂಸೆಯಾಯಿತು. ನಿಂದೆಯನ್ನು ತಿರುಗಿಸಿ ಹೊಗಳಿಕೆಯಾಗಿ ಮಾಡಿದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ. ಗುಲಾಮಗಿರಿಯಿಂದ ಎಚ್ಚೆತ್ತ ದೇಶಗಳ ಚರಿತ್ರೆಗಾರರು ಬಹುಮಂದಿ ಈ ಹಳ್ಳದಲ್ಲಿಯೇ ಬೀಳುವರು. ಅಧಿಕಾರಿಯ ದಫ್ತರದಲ್ಲಿರುವ ಚಿಹ್ನೆಯನ್ನು ಬದಲಾಯಿಸಿದರೆ ಸಾಕು, ದಫ್ತರವನ್ನೇ ಸಂದೇಹಿಸಬೇಕಾದುದಿಲ್ಲವೆಂದು ನಂಬುವರು.

ರೇಂಜರರು ಬಿದ್ದರು, ಆದರೆ ಬಿದ್ದಲ್ಲಿಯೇ ಉಳಿಯಲಿಲ್ಲ. ತಮಗಿಂತ ಕಿರಿಯರು ಎತ್ತಿದ ಆಕ್ಷೇಪಗಳನ್ನು ಅವರು ಶತ್ರುಗಳ ಕುಹಕವೆಂದು ತಳ್ಳಿಹಾಕಬಹುದಾಗಿತ್ತು. 1977ರಲ್ಲಿ ಯುದ್ಧವು ನಡೆಯುತ್ತಿತ್ತು. ದಂಗೆಯ ಒಗ್ಗಟ್ಟನ್ನು ಅಲ್ಲಗಳೆಯುವವನು ಸ್ಮಿತ್ತನ ಕಡೆಯವನೆಂದುಬಿಟ್ಟರೆ ಕೇಳುವವರು ಬೇಕಾದಷ್ಟಿದ್ದರು. ಅವರು ಹಾಗೆ ಮಾಡದೆ ಆಕ್ಷೇಪಗಳನ್ನು ಎದುರಿಸಿ, ತಮ್ಮ ವಾದವು ಮೊದಲಿನ ರೂಪದಲ್ಲಿ ನಿಲ್ಲಲಾರದೆಂಬುದನ್ನು ಮುಂದಿನ ಬರಹಗಳಲ್ಲಿ ಒಪ್ಪಿಕೊಂಡರು. ಮತೋಪೊ ಬೆಟ್ಟಗಳಿಗೇ ಮರಳಿ ಹೋಗಿ, ಅಲ್ಲಿಯ ಗವಿ, ಕಾಡು, ಒಕ್ಕಲು, ದೈವ ಎಲ್ಲವನ್ನೂ ಹೊಸದಾಗಿ ವಿಚಾರಿಸಿ 1999ರಲ್ಲಿ ಬೇರೊಂದು ಗ್ರಂಥವನ್ನು ಬರೆದರು. ಅವರ ಅತ್ಯಂತ ಪ್ರಸಿದ್ಧವಾದ ಲೇಖನದ ಗತಿಯೂ ಇದೇ. 1983ರಲ್ಲಿ ಎರಿಕ್ ಹಾಬ್ಸ್‌ಬಾಮರೊಡನೆ ಸಂಪಾದಿಸಿದ ಗ್ರಂಥದಲ್ಲಿ, ಆಫ್ರಿಕನರ ಪುರಾತನ ಪದ್ಧತಿಗಳೆಂದು ಹೆಸರಾದ ಹಲವು ಬಿಳಿಯ ಅಧಿಕಾರಿಗಳ ಕಾಲದಲ್ಲಿ ಹುಟ್ಟಿಸಿದವೆಂದು ಅವರು ವಾದಿಸಿದ್ದರು. ಜಗತ್ತೆಲ್ಲ ಆ ಮಾತನ್ನು ಮಂತ್ರದಂತೆ ಹೇಳತೊಡಗಿದಾಗ, 1993ರಲ್ಲಿ ಅವರೇ ಹಿಂತಿರುಗಿ, ಹುಟ್ಟಿಸಿದುದೆಂಬ ಮಾತು ತೀರ ಒರಟಾಯಿತು, ಕಲ್ಪಿಸಿಕೊಂಡುದೆಂಬುದು ಮೇಲು, ಆ ಕಲ್ಪನೆಯಲ್ಲಿ ಆಫ್ರಿಕನರ ಕೈಯೂ ಇತ್ತೆಂದು ತಿದ್ದಿಕೊಂಡರು. ಕೀರ್ತಿಯನ್ನು ತಂದ ವಾಕ್ಯವನ್ನು ಕೀರ್ತಿಯು ಇನ್ನೂ ಬಿಸಿಯಾಗಿರುವಾಗಲೇ ತಿದ್ದುವ ವಿದ್ವಾಂಸರು ಯಾವ ದೇಶದಲ್ಲಿಯೂ ಹೆಚ್ಚಿಲ್ಲ.

1980ರ ಏಪ್ರಿಲ್ 18ರಂದು ಜಿಂಬಾಬ್ವೆ ಸ್ವತಂತ್ರವಾಯಿತು. ಹೊರದೂಡಲ್ಪಟ್ಟಿದ್ದವರು ಮರಳಿ ಬಂದರು. 1985ರಲ್ಲಿ ಮಕೋನಿ ಜಿಲ್ಲೆಯ ರೈತರಿಗೂ ಗೆರಿಲ್ಲಾ ಯುದ್ಧಕ್ಕೂ ಇದ್ದ ಸಂಬಂಧವನ್ನು ಕುರಿತು ಅವರ ಗ್ರಂಥವು ಬಂದಿತು. ರೈತರು ತಾವಾಗಿಯೇ ಹೋರಾಟಗಾರರನ್ನು ಕೂಡಿದರೆಂಬ ಅದರ ಧಾಟಿಯನ್ನು ನಾರ್ಮಾ ಕ್ರೀಗರ್ ಎಂಬ ವಿದುಷಿ 1992ರಲ್ಲಿ ಪ್ರಶ್ನಿಸಿದರು: ಹಳ್ಳಿಗರಲ್ಲಿ ಬಹುಮಂದಿ ಹೆದರಿಕೆಯಿಂದ ಅನ್ನವಿಕ್ಕಿದರು, ಪ್ರೀತಿಯಿಂದಲ್ಲ. ಈ ವಿವಾದವು ಇನ್ನೂ ಪೂರ್ತಿ ಮುಗಿದಿಲ್ಲ.

ಸ್ವಾತಂತ್ರ್ಯಾನಂತರದ ನಿಜವಾದ ಪರೀಕ್ಷೆ ಮಾತಬೆಲೆಲ್ಯಾಂಡಿನದು. 1983ರಿಂದ ಹೊಸ ಸರಕಾರದ ಐದನೆಯ ಬ್ರಿಗೇಡೆಂಬ ಪಡೆಯು ಎನ್‌ಡೆಬೆಲೆ ಪ್ರಾಂತಕ್ಕೆ ನುಗ್ಗಿ ಸಹಸ್ರಾರು ಹಳ್ಳಿಗರನ್ನು ಕೊಂದಿತು. 1987ರ ಡಿಸೆಂಬರಿನಲ್ಲಿ ಎರಡು ಪಕ್ಷಗಳಿಗೂ ಒಪ್ಪಂದವಾಗುವವರೆಗೆ ಅಲ್ಲಿ ತಿರುಗಾಡಿ ವಿಚಾರಿಸುವಂತಿರಲಿಲ್ಲ. ಆಮೇಲೆ ರೇಂಜರರು ಜೋಸೆಲಿನ್ ಅಲೆಗ್ಸಾಂಡರ್, ಜೋಆನ್ ಮೆಗ್ರೆಗರ್ ಎಂಬ ಇಬ್ಬರು ಕಿರಿಯ ವಿದುಷಿಯರೊಡನೆ ಅದೇ ಪ್ರಾಂತದ ಕಾಡುನಾಡಿನ ನೂರು ವರ್ಷಗಳ ಚರಿತ್ರೆಯನ್ನು, ಬಿಳಿಯರ ಹಿಂಸೆಯನ್ನೂ ಸ್ವದೇಶೀ ಸರಕಾರದ ಹಿಂಸೆಯನ್ನೂ ಒಂದೇ ಗ್ರಂಥದಲ್ಲಿಟ್ಟು, 2000ದಲ್ಲಿ ಪ್ರಕಟಿಸಿದರು.

ಅದೇ ವರ್ಷ ಬಿಳಿಯರ ಹೊಲಗಳನ್ನು ವಶಪಡಿಸಿಕೊಳ್ಳುವ ಕಾರ್ಯವು ಆರಂಭವಾಯಿತು. ಅದನ್ನು ಮೂರನೆಯ ಚಿಮುರೆಂಗವೆಂದರು. ಭೂಮಿಯ ಹಂಚಿಕೆಯಲ್ಲಿ ಘೋರವಾದ ಅನ್ಯಾಯವಿತ್ತೆಂಬುದನ್ನು ರೇಂಜರರು ಎಂದೂ ಅಲ್ಲಗಳೆದವರಲ್ಲ; ಆ ಅನ್ಯಾಯವನ್ನು ಬರಹದಲ್ಲಿ ತೋರಿಸಿದವರಲ್ಲಿ ಅವರೂ ಒಬ್ಬರು. ಆದರೆ ಅದರೊಡನೆ ಒಂದು ಹೊಸ ಚರಿತ್ರೆಯೂ ಬಂದಿತು. 2001ರಿಂದ ಯುವಕರ ತರಬೇತಿಯ ಶಿಬಿರಗಳಲ್ಲಿ ಅದನ್ನು ಬಾಯಿಪಾಠ ಮಾಡಿಸಿದರು. ಅದರ ಪ್ರಕಾರ ಜನರಲ್ಲಿ ಎರಡೇ ಜಾತಿ: ದೇಶಭಕ್ತರು, ದೇಶವನ್ನು ಮಾರಿದವರು. ಆಳುವ ಪಕ್ಷವನ್ನು ಬೆಂಬಲಿಸಿದವರು ಮೊದಲನೆಯವರು. ಕೂಲಿಕಾರರ ಸಂಘ, ನಗರದ ಬಡವ, ವಿರೋಧಪಕ್ಷಕ್ಕೆ ಮತ ಹಾಕಿದ ರೈತ ಎಲ್ಲರೂ ಎರಡನೆಯವರು. 1997ರಿಂದ 2001ರವರೆಗೆ ಹರಾರೆಯ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ರೇಂಜರರು ಇದರ ಆರಂಭವನ್ನು ಕಣ್ಣಾರೆ ಕಂಡರು. 2004ರಲ್ಲಿ ಅವರು ಬರೆದ ಲೇಖನವೇ ಅವರ ಮೇಲಿನ ಆಪಾದನೆಗೆ ಕಾರಣ. ಅದರಲ್ಲಿ ಮೂರನ್ನು ಬೇರ್ಪಡಿಸಿದರು: ರಾಷ್ಟ್ರೀಯತೆಗೆ ಪೂರ್ವಜರನ್ನು ಹುಡುಕಿಕೊಡುವ ಚರಿತ್ರೆ ಒಂದು, ಆಳುವವರನ್ನೇ ರಾಷ್ಟ್ರವೆಂದು ಸಾರುವ ‘ದೇಶಭಕ್ತ ಚರಿತ್ರೆ’ ಇನ್ನೊಂದು, ರಾಷ್ಟ್ರದ ಎಲ್ಲ ಜನರದೂ, ಅವರ ಜಗಳಗಳದೂ ಆದ ಚರಿತ್ರೆ ಮೂರನೆಯದು. ಮೊದಲನೆಯದನ್ನು ಬರೆದವರಲ್ಲಿ ತಾವೂ ಒಬ್ಬರೆಂಬುದನ್ನು ಅವರು ಮರೆಮಾಡಲಿಲ್ಲ.

ಇನ್ನು ಪೂರ್ವಪಕ್ಷ. ರೇಂಜರರು ಆಂಗ್ಲೇಯರು, ಕಷ್ಟ ಬಂದೊಡನೆ ತಮ್ಮ ಜನರ ಕಡೆಗೆ ಸರಿದರು ಎಂಬುದು ಮೊದಲನೆಯ ಮಾತು. ಆಕ್ಸ್‌ಫರ್ಡಿನಲ್ಲಿ 1987ರಿಂದ ಹತ್ತು ವರ್ಷ ಅವರು ಕುಳಿತ ಪೀಠದ ಹೆಸರೇ ರೋಡ್ಸ್ ಪೀಠವೆಂದು ಇದಕ್ಕೆ ಪುರಾವೆಯನ್ನೂ ಹೇಳಬಹುದು! ಪೀಠದ ಹೆಸರಿನಿಂದ ಮನುಷ್ಯನನ್ನು ಅಳೆಯುವುದಾದರೆ ವಾದವೇ ಬೇಡ. ರೋಡ್ಸನ ಕಂಪೆನಿಯ ವಿರುದ್ಧ ಎದ್ದವರ ಕಥೆಯನ್ನು ಜೀವಮಾನವೆಲ್ಲ ಬರೆದವರು ಆ ಪೀಠದ ಮೇಲೆ ಕುಳಿತರೆಂಬುದರಲ್ಲಿ ಮುಜುಗರಪಡಬೇಕಾದವನು ರೋಡ್ಸನೇ ಹೊರತು ಅವರಲ್ಲ. ಹೊರಗಿನವನಿಗೆ ಅಧಿಕಾರವಿಲ್ಲವೆಂಬ ಮಾತಾದರೂ ಆ ಸರಕಾರಕ್ಕೆ 1967ರ ಗ್ರಂಥವನ್ನು ಕೊಂಡಾಡುವಾಗ ಹೊಳೆಯಲಿಲ್ಲ. ಹೊಗಳುವಾಗ ಪಂಡಿತ, ಕೇಳುವಾಗ ಪರದೇಶಿ ಎಂಬುದು ನ್ಯಾಯವೆ?

ಎರಡನೆಯ ಮಾತು ಹೆಚ್ಚು ಗಂಭೀರವಾದುದು: ತಪ್ಪೊಪ್ಪಿಕೊಳ್ಳುವ ಚರಿತ್ರೆಯಿಂದ ದುರ್ಬಲರಿಗೆ ಹಾನಿ; ಬಿಳಿಯರು ನೂರು ವರ್ಷ ಸುಳ್ಳು ಹೇಳಿಯೂ ತಿದ್ದಿಕೊಳ್ಳಲಿಲ್ಲ, ಈಚೆಗೆ ತಲೆಯೆತ್ತಿದವರು ಮಾತ್ರ ತಮ್ಮ ಕಥೆಯನ್ನು ತಾವೇ ಕೆಡವಿಕೊಳ್ಳಬೇಕೆ? ಇದರಲ್ಲಿ ನೋವಿದೆ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಮಹಾ ಜಿಂಬಾಬ್ವೆಯ ವಿಷಯದಲ್ಲಿ ಆಫ್ರಿಕನರನ್ನು ಕಾಪಾಡಿದುದು ಯಾವುದು? ಇದಿರು ಸುಳ್ಳೊಂದಲ್ಲ, ಮಣ್ಣಿನ ಪದರಗಳನ್ನು ಒಂದೊಂದಾಗಿ ತೆಗೆದು, ಬಂದ ಉತ್ತರವನ್ನು ಬಂದ ಹಾಗೆಯೇ ಬರೆದುಕೊಂಡ ವಿಧಾನ. ಅದೇ ವಿಧಾನವನ್ನು 1896ಕ್ಕೆ ಅನ್ವಯಿಸಬಾರದೆಂದರೆ, ಪದರಗಳನ್ನು ಕಸವೆಂದು ಎಸೆಯಿಸಿದ ಹಾಲನ ಗುದ್ದಲಿಗೆ ಯಜಮಾನರು ಬದಲಾದರೆಂದಷ್ಟೇ ಅರ್ಥ. ಮೇಲಾಗಿ, ಕಾಬಿಂಗರ ಮತ್ತು ಬೀಚರ ಚರಿತ್ರೆಯಲ್ಲಿ ಆಫ್ರಿಕನರು ಸಣ್ಣವರಾಗಲಿಲ್ಲ. ಪೂಜಾರಿಯ ಅಪ್ಪಣೆಗೆ ಎದ್ದ ಮಂದೆಯಾಗಿ ಅಲ್ಲ, ತಮ್ಮ ದನ, ತಮ್ಮ ಹೊಲ, ತಮ್ಮ ಮಕ್ಕಳ ಲೆಕ್ಕವನ್ನು ಹಾಕಿ ಊರೂರು ತಾನೇ ನಿಶ್ಚಯಿಸಿ ಎದ್ದವರಾಗಿ ಅಲ್ಲಿ ಕಾಣುವರು.

ರೇಂಜರರ ಮೇಲೆ ಹೊರಿಸಬಹುದಾದ ದೋಷವು ಬೇರೆ ಇದೆ. ಅದನ್ನು ಅವರ ನಿಂದಕರು ಹೊರಿಸಲಿಲ್ಲ, ಹೊರಿಸಲಾರರು. ಅವರು ಪಕ್ಷವನ್ನು ಬಿಟ್ಟುದಲ್ಲ, ತಡಮಾಡಿದುದು. ಮಾತಬೆಲೆಲ್ಯಾಂಡಿನ ಕೊಲೆಗಳು 1983ರಲ್ಲಿ ತೊಡಗಿದವು. ಗ್ರಂಥವು ಬಂದುದು 17 ವರ್ಷಗಳ ಮೇಲೆ. ಅಲ್ಲಿಯ ಧರ್ಮಸಂಸ್ಥೆಯವರೂ ನ್ಯಾಯವಾದಿಗಳೂ ಹಳ್ಳಿಗರ ಹೇಳಿಕೆಗಳನ್ನು ಕೂಡಿಸಿ 1997ರಲ್ಲಿಯೇ ವರದಿಯನ್ನು ಹೊರಡಿಸಿದ್ದರು. ಪ್ರಾಂತವು ಮುಚ್ಚಿತ್ತೆಂಬ ಸಮಾಧಾನವು ಮೊದಲ ಐದು ವರ್ಷಗಳಿಗೆ ಸಲ್ಲುವುದು, ಉಳಿದವಕ್ಕೆ ಪೂರ್ತಿ ಸಲ್ಲದು. ಗೆದ್ದ ಗೆಳೆಯರ ಮೇಲಿನ ವಿಶ್ವಾಸವು ವಿದ್ವಾಂಸನ ಕಾಲನ್ನು ಎಷ್ಟು ಭಾರಮಾಡುವುದೆಂಬುದಕ್ಕೆ ಇದು ಸಾಕ್ಷಿ. ದೇಶಭಕ್ತ ಚರಿತ್ರೆಯವರು ಕೇಳುವಂತೆ ಅವರು ಆ ವಿಶ್ವಾಸವನ್ನು ಕಡೆಯವರೆಗೂ ಉಳಿಸಿಕೊಂಡಿದ್ದರೆ ಆ ಗ್ರಂಥವು ಎಂದೂ ಬರುತ್ತಿರಲಿಲ್ಲ.

2021ರ ಮೇ 25ರಂದು ಹರಾರೆಯ ನಡುಬೀದಿಯಲ್ಲಿ ನೆಹಾಂಡಳ ದೊಡ್ಡ ಪ್ರತಿಮೆಯನ್ನು ರಾಷ್ಟ್ರಾಧ್ಯಕ್ಷರು ಅನಾವರಣ ಮಾಡಿದರು. ಅದನ್ನು ನೋಡುವುದಕ್ಕೆ ರೇಂಜರರು ಇರಲಿಲ್ಲ. 2015ರ ಜನವರಿ 3ರಂದು ತೀರಿಕೊಂಡಿದ್ದರು. 2013ರಲ್ಲಿ ಬಂದ ಗ್ರಂಥದಲ್ಲಿ ಅವರು 1957ರಿಂದ 1967ರವರೆಗಿನ ತಮ್ಮ ಹತ್ತು ವರ್ಷಗಳಿಗೇ ಮರಳಿ, ಆ ಮೊದಲ ಪುಸ್ತಕವನ್ನು ಎಂಥ ಗೆಳೆತನಗಳ ನಡುವೆ, ಎಂಥ ರಾಜಕಾರಣದ ನಡುವೆ ಬರೆದೆನೆಂಬುದನ್ನು ತಾವೇ ವಿಚಾರಣೆಗೆ ಒಳಪಡಿಸಿದರು. ಆ ಕೊನೆಯ ವರ್ಷಗಳಲ್ಲಿ ಅವರಿಗೆ ಇನ್ನೊಂದು ಕೆಲಸವೂ ಇತ್ತು. ಜಿಂಬಾಬ್ವೆಯಿಂದ ಓಡಿಬಂದು ಇಂಗ್ಲೆಂಡಿನಲ್ಲಿ ಆಶ್ರಯ ಬೇಡುವವರ ಮೊಕದ್ದಮೆಗಳಲ್ಲಿ, ಆ ದೇಶವನ್ನು ಬಲ್ಲ ವಿದ್ವಾಂಸರೆಂದು ಅವರ ಅಭಿಪ್ರಾಯವನ್ನು ಕೇಳುತ್ತಿದ್ದರು. 1963ರಲ್ಲಿ ಆ ದೇಶದಿಂದ ಹೊರಡಿಸಲ್ಪಟ್ಟಿದ್ದ ಮುದುಕರು, ಈಗ ಅಲ್ಲಿಂದ ಹೊರಬಿದ್ದವರ ಹೇಳಿಕೆಗಳನ್ನು ಒಂದೊಂದಾಗಿ ಓದಿ, ನಡೆದುದಕ್ಕೂ ಹೇಳಿದುದಕ್ಕೂ ತಾಳೆ ನೋಡಿ, ನ್ಯಾಯಾಲಯಕ್ಕೆ ಬರೆದುಕೊಡುತ್ತಿದ್ದರು.